ಕೊನೇ ತೂಬಿಗೆ ನೀರು

(ಅಂಗವಿಕಲ ವಿದ್ಯಾರ್ಥಿಗಳು ಮತ್ತು ನಮ್ಮ ಕಾಲೇಜುಗಳು: ಮಂಡ್ಯದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ನಾನು ಕನ್ನಡ ಮೇಷ್ಟರು. ಈ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಹಳಗನ್ನಡ, ನಡುಗನ್ನಡ ಪಾಠ ಮಾಡಿ ನಿವೃತ್ತನಾದವನು. ಉಪನ್ಯಾಸಕ್ಕೆ ಕರೆ ಬಂದಾಗ ಷಟ್ಪದಿ ಕಾವ್ಯದ ಮೇಲೆ ಮಾತಾಡೋಣ ಎಂದು ಟಿಪ್ಪಣಿ ಮಾಡಿಕೊಳ್ಳತೊಡಗಿದ್ದೆ. ಅಷ್ಟರಲ್ಲಿ ದತ್ತಿ ಇಟ್ಟ ತಾಯಿಯವರೇ ಫೋನು ಮಾಡಿದರು. "ಕಾವ್ಯ ಇನ್ನೊಂದು ವರ್ಸ ಆಗ್ಲಿ ಮೇಷ್ಟ್ರೇ. ನಮ್ಮ ಹುಡುಗ ಕಾಲೇಜಿಗೆ ಹೋಗೋಕೆ ಎಷ್ಟು ಪಾಡು ಪಟ್ಟ ಅನ್ನೋದು ನಿಮಗೆ ಗೊತ್ತಲ್ಲ, ಅದ ಹೇಳಿ" ಅಂದರು. ಟಿಪ್ಪಣಿ ಮಡಚಿಟ್ಟೆ. ಇವತ್ತಿನ ಮಾತು ಆ ತಾಯಿ ಕೊಟ್ಟ ವಿಷಯದ ಮೇಲೆ.

ಮೊದಲು ಒಂದು ಶಬ್ದದ ಮಾತು. ಊರಲ್ಲಿ ನಾವು ಹುಡುಗರನ್ನು ಅವರ ಊನದಿಂದಲೇ ಕರೆಯುತ್ತಿದ್ದೆವು. ಆ ಹೆಸರುಗಳನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಅದು ಕೆಟ್ಟದ್ದೆಂದು ತಿಳಿದ ಮೇಲೆ ಸರ್ಕಾರಿ ಕನ್ನಡ 'ವಿಕಲಚೇತನ' ಎಂಬ ಪದ ತಂದಿತು. ಬಿಡಿಸಿ ನೋಡಿದರೆ ವಿಕಲವಾದದ್ದು ಚೇತನವೇ ಎಂದಾಗುತ್ತದೆ, ಅಂಗಕ್ಕಿದ್ದ ಊನವನ್ನು ಜೀವಕ್ಕೇ ಅಂಟಿಸಿದ ಹಾಗೆ. ಆಮೇಲೆ ವಿಶೇಷಚೇತನ ಬಂತು, ದಿವ್ಯಾಂಗ ಬಂತು. ನಾನು 'ಅಂಗವಿಕಲ' ಎಂದೇ ಬಳಸುತ್ತೇನೆ. ಹೆಸರನ್ನು ಎಷ್ಟು ತಿದ್ದಿದರೂ ಮೆಟ್ಟಿಲ ಎತ್ತರ ತಗ್ಗುವುದಿಲ್ಲ. ಇವತ್ತು ಮೆಟ್ಟಿಲ ಮಾತಾಡೋಣ.

ಕಟ್ಟೆ ತುಂಬಿದೆ

ಮಂಡ್ಯದ ಜನಕ್ಕೆ ನಾಲೆಯ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತು ಎಂದು ಪತ್ರಿಕೆಯಲ್ಲಿ ಬಂದ ದಿನ ಎಲ್ಲರ ಮುಖದಲ್ಲೂ ನಗು. ಆದರೆ ಮಳವಳ್ಳಿಯ ಅಂಚಿನ ರೈತ ಆ ಸುದ್ದಿ ಓದಿ ಸುಮ್ಮನೆ ಪತ್ರಿಕೆ ಮಡಚುತ್ತಾನೆ. ಒಂದು ಕಾಲಕ್ಕೆ ಇರ್ವಿನ್ ನಾಲೆ ಎನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ದಾಟಿ, ಮಂಡ್ಯ ಸುತ್ತಿ, ಮದ್ದೂರು, ಮಳವಳ್ಳಿಯ ಕೊನೇ ಭಾಗಕ್ಕೆ ಬರುವ ಹೊತ್ತಿಗೆ ನೀರು ಎಷ್ಟು ಉಳಿದಿರುತ್ತದೆ ಎನ್ನುವುದು ಅವನಿಗೆ ಗೊತ್ತು. ನಡುವೆ ಹೂಳಿದೆ, ಒಡೆದ ಏರಿಯಿದೆ, ಮುಚ್ಚಿದ ತೂಬಿದೆ.

ಅಂಗವಿಕಲರ ಹಕ್ಕಿನ ವಿಷಯದಲ್ಲೂ ನಮ್ಮ ಕಟ್ಟೆ ತುಂಬಿದೆ. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿ ಕಾಲೇಜುಗಳಲ್ಲಿ ನೂರಕ್ಕೆ 3 ಸೀಟು ಇಡಿ ಎಂದಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆ ಏಳನ್ನು 21 ಮಾಡಿತು. ಶೇ 40ರಷ್ಟು ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಕೊಟ್ಟಿತು. ಅರವತ್ತು ಮಕ್ಕಳ ತರಗತಿಯಲ್ಲಿ ಮೂವರು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಸರಿಪಡಿಸಬೇಕು ಎಂದಿತು. ನಿಯಮಗಳು ಬಂದದ್ದು 2017ರಲ್ಲಿ, ಗಡುವು ಮುಗಿದದ್ದು 2022ರಲ್ಲಿ. ಅದೇ ವರ್ಷ ಯುಜಿಸಿ ಕಾಲೇಜು, ವಿಶ್ವವಿದ್ಯಾಲಯಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳು ಇರಲೇಬೇಕು ಎಂದು ತೀರ್ಪು ಕೊಟ್ಟಿತು.

ಕಟ್ಟೆ ನೋಡಿ ಬಂದಾಯಿತು. ಈಗ ನಾಲೆಯ ಏರಿ ಹಿಡಿದು ಕೊನೇ ತೂಬಿನ ತನಕ ನಡೆಯೋಣ.

ಹದಿನೆಂಟು ಅಡಿ

ಮಂಡ್ಯ, ಮದ್ದೂರಿಗೆ ರೈಲಿದೆ. ಮಳವಳ್ಳಿಗೆ ಇಲ್ಲ, ಅಲ್ಲಿಯವರಿಗೆ ಬಸ್ಸೇ ಗತಿ. ಕಾಲಿಗೆ ಕ್ಯಾಲಿಪರ್ ಕಟ್ಟಿದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಅವನ ಊರಿಂದ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ವಾಸಸ್ಥಳದಿಂದ 100 ಕಿ.ಮೀ. ಒಳಗೆ ಓಡಾಡುವ ರಿಯಾಯಿತಿ ಪಾಸು ಅವನ ಜೇಬಲ್ಲಿತ್ತು. ಪಾಸು ಇದ್ದರೇನು, ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರಕ್ಕಿತ್ತು. ಯಾರಾದರೂ ರಟ್ಟೆ ಹಿಡಿದು ಎಳೆದುಕೊಂಡರೆ ಹತ್ತಿದ, ಇಲ್ಲದಿದ್ದರೆ ಮುಂದಿನ ಬಸ್ಸು. ಮೊದಲ ಪಿರಿಯಡ್ಡಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಾನು ಹಾಕಿದ ಗೈರುಹಾಜರಿ ಗುರುತುಗಳಿಗೆ ಲೆಕ್ಕವಿಲ್ಲ. ಕಾರಣ ಕೇಳಿದ್ದು ಎರಡನೇ ಸೆಮಿಸ್ಟರಿನಲ್ಲಿ.

ಬಸ್ಸು ಇಳಿದು ಬಂದರೆ ಕಾಲೇಜಿನ ಮೆಟ್ಟಿಲು. ಹೊರಗಿನಿಂದ ತಪಾಸಣೆಗೆ ಬರುತ್ತಾರೆ ಎಂದಾಗ ಗಾರೆಯವರನ್ನು ಕರೆಸಿ ಎರಡು ದಿನದಲ್ಲಿ ಒಂದು ಇಳಿಜಾರು ಕಟ್ಟಿಸಿದ್ದರು. ಪಕ್ಕದ ಗೋಡೆಗೆ ಗಾಲಿಕುರ್ಚಿಯ ಚಿತ್ರ ಬೇರೆ. ಒಂದು ದಿನ ನಾನೂ ಅಟೆಂಡರೂ ಟೇಪು ಹಿಡಿದೆವು. ಮೆಟ್ಟಿಲು ಮೂರು, ಒಂದೊಂದೂ ಆರಿಂಚು, ಒಟ್ಟು ಒಂದೂವರೆ ಅಡಿ ಎತ್ತರ. ಒಂದಡಿ ಏರಿಗೆ ಹನ್ನೆರಡಡಿ ಉದ್ದ ಇರಬೇಕು ಎನ್ನುವುದು ಎಲ್ಲ ಕಡೆ ಒಪ್ಪಿದ ಲೆಕ್ಕ. ಅಂದರೆ 18 ಅಡಿ. ನಮ್ಮ ಇಳಿಜಾರು ಇದ್ದದ್ದು 5 ಅಡಿ 4 ಇಂಚು. ಪಕ್ಕಕ್ಕೆ ಹಿಡಿದುಕೊಳ್ಳುವ ಕಂಬಿ ಇಲ್ಲ. ತುದಿಯಲ್ಲಿ ಗಾಲಿಕುರ್ಚಿ ತಿರುಗಿಸಲು ಜಾಗವಿಲ್ಲ, ನೇರವಾಗಿ ಬಾಗಿಲ ಹೊಸ್ತಿಲು. ಅದರ ಮೇಲೆ ಗಾಲಿಕುರ್ಚಿ ಹತ್ತಿದ್ದನ್ನು ನಾನು ಕಾಣಲಿಲ್ಲ. ಕ್ಲರ್ಕಿನ ಬೈಕು ಮಾತ್ರ ದಿನಾ ಹತ್ತುತ್ತಿತ್ತು, ಮಳೆಯಲ್ಲಿ ನೆನೆಯಬಾರದೆಂದು.

ಹುಡುಗ ಏನು ಮಾಡಿದ? ಇಬ್ಬರು ಗೆಳೆಯರು ಹೆಗಲು ಕೊಟ್ಟರು. ಅವರ ಒಳ್ಳೆಯತನಕ್ಕೆ ನನ್ನ ನಮಸ್ಕಾರವಿದೆ. ಆದರೆ ಆ ಇಬ್ಬರು ರಜೆ ಹಾಕಿದ ದಿನ ಇವನಿಗೂ ರಜೆ. ಇವನ ತರಗತಿ ಮಹಡಿ ಮೇಲಿತ್ತು. ಅದೇ ಕಟ್ಟಡದ ನೆಲಮಹಡಿಯಲ್ಲಿ ವರ್ಷಕ್ಕೆ ಎರಡು ಸಲ ಬಾಗಿಲು ತೆರೆಯುವ ಒಂದು ಕೊಠಡಿಯೂ ಇತ್ತು. ವೇಳಾಪಟ್ಟಿಯಲ್ಲಿ ಕೊಠಡಿ ಸಂಖ್ಯೆ ಬದಲಿಸಲು ಸಿಮೆಂಟು ಬೇಕಿರಲಿಲ್ಲ, ಒಂದು ಪೆನ್ನು ಸಾಕಿತ್ತು. ವೇಳಾಪಟ್ಟಿ ಸಮಿತಿಯಲ್ಲಿ ನಾನೂ ಇದ್ದೆ. ನನಗೂ ಹೊಳೆಯಲಿಲ್ಲ.

ಹೆಣ್ಣುಮಕ್ಕಳ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಬಾಗಿಲು ಕಿರಿದಾದ, ನೀರು ಬಾರದ ಶೌಚಾಲಯಕ್ಕೆ ಹೆದರಿ ಬೆಳಗ್ಗೆಯಿಂದ ಸಂಜೆ ತನಕ ತೊಟ್ಟು ನೀರು ಕುಡಿಯದೆ ಕೂತ ಹುಡುಗಿಯರಿದ್ದಾರೆ. ಇದನ್ನು ಅವರು ಮೇಷ್ಟರಿಗೆ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ.

ನನ್ನ ನೋಟ್ಸು ಬೈದದ್ದು

ಮೆಟ್ಟಿಲು ಕಣ್ಣಿಗೆ ಕಾಣುತ್ತದೆ. ಕಾಣದ ಮೆಟ್ಟಿಲೊಂದನ್ನು ಹೇಳುತ್ತೇನೆ. ಇದು ಕನ್ನಡದ್ದೇ ಆದ ಮೆಟ್ಟಿಲು, ಕಟ್ಟಿದವನು ನಾನೇ.

ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬ ಬಿ.ಎ.ಗೆ ಸೇರಿದ. ಈಗಿನ ಮೊಬೈಲುಗಳಲ್ಲಿ ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಸೌಲಭ್ಯ ಇದ್ದೇ ಇರುತ್ತದೆ; ಆಂಡ್ರಾಯ್ಡಿನಲ್ಲಿ ಅದಕ್ಕೆ ಟಾಕ್‌ಬ್ಯಾಕ್ ಎನ್ನುತ್ತಾರೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ತಂತ್ರಾಂಶ ಬಿಟ್ಟಿಯಾಗಿಯೇ ಸಿಗುತ್ತದೆ. ಎರಡೂ ಕನ್ನಡ ಓದಬಲ್ಲವು. ನಾನು ಹೆಮ್ಮೆಯಿಂದ ರಾಘವಾಂಕನ ಹರಿಶ್ಚಂದ್ರ ಕಾವ್ಯದ ಮೇಲಿನ ನನ್ನ ನೋಟ್ಸನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಹದಿನೈದು ವರ್ಷದಿಂದ ಮಕ್ಕಳು ಜೆರಾಕ್ಸ್ ಮಾಡಿಸಿಕೊಂಡು ಬಂದ ನೋಟ್ಸು. ಮಾರನೇ ದಿನ ಹುಡುಗ ಸ್ಟಾಫ್ ರೂಮಿಗೆ ಬಂದು ಮೊಬೈಲು ಮುಂದೆ ಹಿಡಿದ.

"ಸಾ, ನಿಮ್ ನೋಟ್ಸು ಯಾಕೋ ಇಂಗ್ಲಿಷ್ನಲ್ಲಿ ಬೈತಾ ಅದೆ."

ಕೇಳಿದೆ. 'ಪಿ... ಎ... ಪೌಂಡ್... ಎ... ಕ್ಯೂ...' ಅಂತ ಒಂದೇ ಸಮ ಹೇಳುತ್ತಿತ್ತು. ನೋಟ್ಸು ನುಡಿಯ ಹಳೆಯ ಫಾಂಟಿನಲ್ಲಿತ್ತು. ಆ ಫಾಂಟುಗಳಲ್ಲಿ 'ಕನ್ನಡ' ಎಂದು ನಮ್ಮ ಕಣ್ಣಿಗೆ ಕಾಣುವುದು ಕಂಪ್ಯೂಟರಿನ ಹೊಟ್ಟೆಯೊಳಗೆ ಕನ್ನಡವೇ ಅಲ್ಲ. ಇಂಗ್ಲಿಷಿನ ಪಿ ಅಕ್ಷರ, ಪೌಂಡ್ ಗುರುತು, ಕ್ಯೂ ಅಕ್ಷರ ಇವುಗಳ ಮೇಲೆ ಕನ್ನಡದ ವೇಷ ತೊಡಿಸಿದ್ದು ಅಷ್ಟೆ. ನಾವು ವೇಷ ನೋಡಿದೆವು. ಮೊಬೈಲು ಒಳಗಿದ್ದದ್ದನ್ನು ಓದಿತು. ಯೂನಿಕೋಡಿನಲ್ಲಿ ಬರೆದದ್ದಾದರೆ ಕ ಎಂಬುದು ಒಳಗೂ ಕ, ಹೊರಗೂ ಕ. ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಕೆಲಸ ಒಂದು ನಿಮಿಷದ್ದು. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿ ಕೂರುತ್ತದೆ, ಅದನ್ನು ಕೈಯಲ್ಲಿ ತಿದ್ದಬೇಕು. ನನಗೆ ಎರಡು ಸಂಜೆ ಹಿಡಿಯಿತು.

ಯೋಚಿಸಿ, ಈ ಮೂರು ತಾಲ್ಲೂಕಿನ ಮೇಷ್ಟರುಗಳ ಪೆನ್‌ಡ್ರೈವುಗಳಲ್ಲಿ ಇಂಥ ನೋಟ್ಸು ಎಷ್ಟಿರಬಹುದು? ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಲ್ಲವೂ. ಪುಟದ ಫೋಟೋ ತೆಗೆದು ಗುಂಪಿಗೆ ಹಾಕುವ ಅಭ್ಯಾಸವಂತೂ ಇನ್ನೂ ಕಷ್ಟ. ಮೊಬೈಲಿಗೆ ಅದು ಬರೀ 'ಚಿತ್ರ'. ಪುಸ್ತಕವನ್ನೇ ಕಂಪ್ಯೂಟರಿಗೆ ಇಳಿಸಿಕೊಟ್ಟರೆ ಹಕ್ಕುಸ್ವಾಮ್ಯದ ತಕರಾರು ಬರುವುದಿಲ್ಲವೇ ಎಂದು ಗ್ರಂಥಪಾಲಕರೊಬ್ಬರು ಕೇಳಿದರು. ಬರುವುದಿಲ್ಲ. 2012ರ ತಿದ್ದುಪಡಿಯ ನಂತರ, ಅಂಗವಿಕಲರು ತಾವೇ ಓದಲು, ಕಲಿಯಲು ಬೇಕಾದ ರೂಪಕ್ಕೆ ಪುಸ್ತಕವನ್ನು ಬದಲಿಸಿಕೊಡುವುದು ಉಲ್ಲಂಘನೆಯಲ್ಲ. ಇದೇ ಉದ್ದೇಶದ ಮರ್ರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ನಮ್ಮದೇ. ಕಾನೂನು ಬಾಗಿಲು ತೆರೆದಿದೆ. ನಮ್ಮ ಫಾಂಟು ಚಿಲಕ ಹಾಕಿದೆ.

ಬರೆದುಕೊಡುವವರು

ಪರೀಕ್ಷೆ ಬಂತು. ದೃಷ್ಟಿಯಿಲ್ಲದ ಆ ಹುಡುಗ ಹೇಳಿದ್ದನ್ನು ಬರೆಯಲು ಒಬ್ಬ ಬರಹಗಾರ ಬೇಕು. ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ ಕೊಡಬೇಕು ಎನ್ನುತ್ತಿತ್ತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ವಿದ್ಯಾರ್ಥಿ ತಾನೇ ಬರಹಗಾರನನ್ನು ಕರೆತಂದರೆ ಅವನ ಓದು ಒಂದು ಹಂತ ಕಡಿಮೆ ಇರಬೇಕಿತ್ತು. ನಿಯಮ ಸರಿಯೇ. ಹುಡುಕಿಕೊಡುವವರು ಯಾರು? ಪರೀಕ್ಷೆಯ ಹಿಂದಿನ ದಿನ ಸಂಜೆ ಅವನ ಅಣ್ಣ ಪಿಯುಸಿ ಓದುವ ಮಕ್ಕಳ ಮನೆ ಮನೆ ಅಲೆದು ಒಬ್ಬನನ್ನು ಒಪ್ಪಿಸಿ ತಂದ.

ಹುಡುಗ ಪಟಪಟ ಹೇಳಿದ. ಬಂದವನು ಪಾಪ, ತನಗೆ ಕೇಳಿಸಿದಂತೆ ಬರೆದ. ನಮ್ಮ ಸೀಮೆಯ ನಾಲಿಗೆಗೆ ಮಹಾಪ್ರಾಣ ಒಗ್ಗದು ಎನ್ನುವುದು ನಿಮಗೆ ಗೊತ್ತೇ ಇದೆ. ರಾಘವಾಂಕ 'ರಾಗವಾಂಕ' ಆದ, ವಾರ್ಧಕ ಷಟ್ಪದಿ 'ವಾರ್ದಕ ಶಟ್ಪದಿ' ಆಯಿತು. ಮೌಲ್ಯಮಾಪಕರು ಕಾಗುಣಿತಕ್ಕೆ ಕೆಂಪು ಗೆರೆ ಎಳೆದು ಅಂಕ ಕಳೆದರು. ತಪ್ಪು ಯಾರದು, ಅಂಕ ಯಾರದು! ಕಾಲೇಜೇ ಮುಂಚಿತವಾಗಿ ಹತ್ತು ಬರಹಗಾರರ ಪಟ್ಟಿ ಮಾಡಿ, ಒಂದು ಮಧ್ಯಾಹ್ನ ಕೂರಿಸಿ ಅಭ್ಯಾಸ ಮಾಡಿಸಿದ್ದರೆ ಇದು ಆಗುತ್ತಿರಲಿಲ್ಲ.

ಇಲ್ಲಿ ವಿಕಾಸ್ ಕುಮಾರ್ ಪ್ರಕರಣ ನೆನೆಯಬೇಕು. ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ, ಶೇ 40ರ ಮಿತಿಯೊಳಗೆ ಬರುವುದಿಲ್ಲ ಎಂದು ನಾಗರಿಕ ಸೇವಾ ಪರೀಕ್ಷೆಯಲ್ಲಿ ಬರಹಗಾರನನ್ನು ನಿರಾಕರಿಸಲಾಗಿತ್ತು. 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು: ಮೀಸಲಾತಿಗೆ ಶೇಕಡಾವಾರು ಲೆಕ್ಕ ಬೇಕಾಗಬಹುದು, ಆದರೆ ಅಗತ್ಯ ಇರುವವನಿಗೆ ಅನುಕೂಲ ಮಾಡಿಕೊಡಲು ಆ ಲೆಕ್ಕ ಅಡ್ಡ ಬರಬಾರದು. ಕಾಯ್ದೆಯಲ್ಲಿ ಇದಕ್ಕೆ ಸಮಂಜಸ ಹೊಂದಾಣಿಕೆ ಎನ್ನುತ್ತಾರೆ. ನಮ್ಮ ಮಾತಲ್ಲಿ, ಪಂಕ್ತಿಯಲ್ಲಿ ನೆಲಕ್ಕೆ ಕೂರಲಾಗದ ಅಜ್ಜನಿಗೆ ಕುರ್ಚಿ ಹಾಕಿಸಿ ಎಲೆ ಹಾಕುವುದು. ಅವರಿಗೆ ಮಂಡಿನೋವು ಶೇಕಡಾ ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಕಿವಿ ಕೇಳದ ಮಕ್ಕಳ ಬಗ್ಗೆ ಎರಡು ಮಾತು. ನಾವು ಮೇಷ್ಟರು ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಮಾತಾಡುತ್ತೇವೆ. ತುಟಿ ನೋಡಿ ಅರ್ಥ ಮಾಡಿಕೊಳ್ಳುವ ಮಗುವಿಗೆ ಆಗ ಪಾಠ ನಿಂತುಹೋಗುತ್ತದೆ. ಮುಖ ತರಗತಿಯ ಕಡೆ ಇರಲಿ. ಪಕ್ಕದ ಮೈಸೂರಿನಲ್ಲೇ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆ ಮೂಲೆಯಿಂದ ಅಲ್ಲಿಗೆ ಬರುತ್ತಾರೆ. ಇಷ್ಟು ಹತ್ತಿರ ಇರುವ ನಾವು ಅಲ್ಲಿಯ ತಜ್ಞರನ್ನು ಕಾಲೇಜಿಗೆ ಕರೆಸಿ ಒಂದು ದಿನ ಪಾಠ ಹೇಳಿಸಿಕೊಳ್ಳುವುದಕ್ಕೆ ಏನು ಅಡ್ಡಿ? ಇನ್ನು ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಇಂಥವೂ ಆ 21ರ ಪಟ್ಟಿಯಲ್ಲಿವೆ. ಅಕ್ಷರಗಳು ಕಣ್ಣಮುಂದೆ ಅದಲುಬದಲಾಗುವ ಎಷ್ಟು ಮಕ್ಕಳಿಗೆ ನಾವು 'ದಡ್ಡ' ಎಂಬ ಪ್ರಮಾಣಪತ್ರ ಕೊಟ್ಟಿದ್ದೇವೋ, ಅವರನ್ನು ಪರೀಕ್ಷಿಸಿದ ವೈದ್ಯರು ಯಾರೂ ಇರಲಿಲ್ಲ.

ಶಾಲು ಹೊದಿಸುವ ಮೊದಲು

ನಮ್ಮ ನಾಡಿಗೆ ಈ ಕೆಲಸ ಹೊಸದಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು, ತಾವೇ ದೃಷ್ಟಿಯಿಲ್ಲದವರು, ನೂರಾರು ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟರು. ಅಲ್ಲಿ ಪಾಠವೇ ಮಗುವಿನ ಕಿವಿಗೆ, ಕೈಗೆ ತಕ್ಕಂತೆ ರೂಪುಗೊಂಡಿತ್ತು. 1951ರಲ್ಲಿ ಭಾರತಿ ಬ್ರೈಲ್ ಬಂದ ಮೇಲೆ ದೇಶದ ಭಾಷೆಗಳಿಗೆಲ್ಲ ಒಂದೇ ಚುಕ್ಕಿಗಳ ಪದ್ಧತಿ ಸಿಕ್ಕಿತು. ಮೈಸೂರಿನಲ್ಲಿ ಅಂಗವಿಕಲರಿಗೆಂದೇ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ. ಇವೆಲ್ಲ ದೊಡ್ಡ ಕೆಲಸಗಳು. ಆದರೆ ಮಳವಳ್ಳಿಯ ಹುಡುಗಿಗೆ ಅರ್ಥಶಾಸ್ತ್ರ ಓದಬೇಕು, ಅದೂ ಅಕ್ಕ ಓದಿದ ಕಾಲೇಜಿನಲ್ಲೇ ಓದಬೇಕು ಎನ್ನಿಸಿದರೆ? ಬೇರೆ ಊರಿನ ಬೇರೆ ಶಾಲೆಯನ್ನು ತೋರಿಸಿ ಕೈತೊಳೆದುಕೊಳ್ಳುವ ಕಾಲ ಇದಲ್ಲ.

ನಮ್ಮ ಜಿಲ್ಲೆಯವರೇ ಆದ ಕೆ.ಎಸ್. ರಾಜಣ್ಣನವರನ್ನು ನೀವೆಲ್ಲ ಬಲ್ಲಿರಿ. ಹಸುಗೂಸಾಗಿದ್ದಾಗಲೇ ಪೋಲಿಯೊ ಅವರ ಕೈಕಾಲುಗಳನ್ನು ಕಸಿಯಿತು. ಅವರು ಮೆಕ್ಯಾನಿಕಲ್ ಡಿಪ್ಲೊಮಾ ಓದಿದರು, ಉದ್ಯಮ ಕಟ್ಟಿ ಇತರರಿಗೆ ಕೆಲಸ ಕೊಟ್ಟರು, ರಾಜ್ಯದ ಅಂಗವಿಕಲರ ಆಯುಕ್ತರಾದರು, 2024ರಲ್ಲಿ ಪದ್ಮಶ್ರೀ ಪಡೆದರು. ಇಂಥವರಿಗೆ ಶಾಲು ಹೊದಿಸಿ ಹಾರ ಹಾಕುವುದು ನಮಗೆ ಸಂತೋಷ. ಆದರೆ ಒಬ್ಬರು ಅಷ್ಟು ಎತ್ತರ ಏರಿದ್ದನ್ನು ತೋರಿಸಿ 'ಮನಸ್ಸಿದ್ದರೆ ಎಲ್ಲ ಆಗುತ್ತೆ, ನೋಡು' ಎಂದು ಉಳಿದ ಮಕ್ಕಳಿಗೆ ಹೇಳುವುದರಲ್ಲಿ ಒಂದು ಮೋಸವಿದೆ. ಬೋರು ಕೊರೆಸಿ ನೀರು ಕಂಡ ಒಬ್ಬ ರೈತನನ್ನು ತೋರಿಸಿ ನಾಲೆಯ ಹೂಳು ತೆಗೆಯದೆ ಕೂರುವ ಹಾಗೆ. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರು 13 ಲಕ್ಷಕ್ಕೂ ಮಿಕ್ಕಿದ್ದರು. ಅಷ್ಟೂ ಜನರಿಂದ ಸಾಹಸ ಕೇಳುವ ಹಕ್ಕು ನಮಗಿಲ್ಲ. ಸಾಧಾರಣ ಹುಡುಗನೊಬ್ಬ ಸಾಧಾರಣವಾಗಿ ಬಂದು, ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿ ಹೋಗುವಂತಿರಬೇಕು ಕಾಲೇಜು.

ನೀರುಗಂಟಿ ಬೇಕು

1962ರಲ್ಲಿ ಕೆ.ವಿ. ಶಂಕರಗೌಡರು ಮಂಡ್ಯದಲ್ಲಿ ಎಂಜಿನಿಯರಿಂಗ್ ಕಾಲೇಜು ಕಟ್ಟಿದಾಗ, ಮುಂದೆ ಜಿ. ಮಾದೇಗೌಡರು ಕೆ.ಎಂ. ದೊಡ್ಡಿಯಲ್ಲಿ ಭಾರತಿ ಸಂಸ್ಥೆ ಬೆಳೆಸಿದಾಗ, ಹಳ್ಳಿಯ ಮಕ್ಕಳು ಓದಿಗಾಗಿ ದೂರದ ಊರಿಗೆ ಹೋಗುವ ಕಷ್ಟ ತಪ್ಪಿತು. 2019ರಲ್ಲಿ ಸರ್ಕಾರಿ ಮಹಾವಿದ್ಯಾಲಯವೇ ಮಂಡ್ಯ ವಿಶ್ವವಿದ್ಯಾಲಯವಾಯಿತು. ಹಿರಿಯರು ಮೈಲಿಯ ದೂರ ಕಡಿಮೆ ಮಾಡಿಕೊಟ್ಟರು. ಗೇಟಿನಿಂದ ಬೆಂಚಿನ ತನಕದ ದೂರ ನಮ್ಮ ಪಾಲಿಗೆ ಉಳಿದಿದೆ.

ನಾಲೆಗೆ ಎಂಜಿನಿಯರು ಎಷ್ಟು ಮಂದಿ ಇದ್ದರೂ ತೂಬು ಎತ್ತುವವನು ನೀರುಗಂಟಿ. ಯಾರ ಗದ್ದೆಗೆ ನೀರು ಹತ್ತಿಲ್ಲ ಎಂದು ಏರಿ ಮೇಲೆ ನಡೆದು ನೋಡುವವನು ಅವನು. ಪ್ರತಿ ಕಾಲೇಜಿಗೂ ಅಂಥ ಒಬ್ಬರು ಬೇಕು. ಸಮಾನ ಅವಕಾಶ ಕೋಶ ಎಂಬ ಫಲಕವಿದ್ದರೆ ಸಾಲದು. ಹೆಸರು, ಫೋನು ನಂಬರು ನೋಟಿಸ್ ಬೋರ್ಡಿನಲ್ಲಿ ಇರುವ, ವಾರಕ್ಕೆ ಎರಡು ಗಂಟೆ ಪಾಠದ ಹೊರೆ ಕಡಿಮೆ ಇರುವ ಒಬ್ಬ ಅಧ್ಯಾಪಕರು ಬೇಕು.

ಅವರಿಗೆ ನಾನು ಕೊಡುವ ಮೊದಲ ಕೆಲಸ, ಪ್ರವೇಶದ ಅರ್ಜಿಯಲ್ಲಿ ಒಂದು ಸಾಲು ಸೇರಿಸುವುದು. ಈಗಿನ ಅರ್ಜಿ 'ವೈಕಲ್ಯದ ಪ್ರಮಾಣ ಶೇ ಎಷ್ಟು' ಎಂದು ಕೇಳಿ ಸುಮ್ಮನಾಗುತ್ತದೆ. ಅದರ ಕೆಳಗೆ 'ಇಲ್ಲಿ ಕೂತು ಕಲಿಯಲು ನಿಮಗೆ ಏನು ಬೇಕು' ಎಂದು ಕೇಳಲಿ. ನೆಲಮಹಡಿ ಕೊಠಡಿ, ಮುಂದಿನ ಬೆಂಚು, ಯೂನಿಕೋಡ್ ನೋಟ್ಸು, ಬರಹಗಾರ, ಹತ್ತು ನಿಮಿಷ ತಡವಾಗಿ ಬರುವ ಅನುಮತಿ, ಉತ್ತರ ಏನೇ ಬರಲಿ, ತರಗತಿ ಶುರುವಾಗುವ ಮೊದಲೇ ನಮ್ಮ ಕೈಯಲ್ಲಿರುತ್ತದೆ. ಎರಡನೇ ಸೆಮಿಸ್ಟರಿನಲ್ಲಿ ಕಾರಣ ಕೇಳಿದ ನನ್ನಂಥ ಮೇಷ್ಟರುಗಳಿಂದ ಮಕ್ಕಳು ಪಾರಾಗುತ್ತಾರೆ. ಎರಡನೆಯದು, ಎಲ್ಲರೂ ತಮ್ಮ ಹಳೆಯ ನೋಟ್ಸನ್ನು ಈ ವರ್ಷವೇ ಬದಲಿಸಿಕೊಳ್ಳುವುದು. ಮೂರನೆಯದು, ಒಂದು ಅಳತೆ ಟೇಪು. ಅದನ್ನು ಇವತ್ತು ತಂದಿದ್ದೇನೆ. ಸಭೆ ಮುಗಿದ ಮೇಲೆ ಸಂಘಟಕರ ಕೈಗೆ ಕೊಟ್ಟು ಹೋಗುತ್ತೇನೆ. ಈ ವೇದಿಕೆಗೆ ಹತ್ತುವಾಗ ಐದು ಮೆಟ್ಟಿಲು ಎಣಿಸಿದೆ. ಲೆಕ್ಕ ನಿಮಗೆ ಬಿಟ್ಟದ್ದು.

ಕಡೆಯದಾಗಿ ಆ ನೋಟ್ಸಿನ ಕಥೆ ಮುಗಿಸಿಬಿಡುತ್ತೇನೆ. ಬದಲಿಸಿ ಕಳಿಸಿದ ಮೂರನೇ ದಿನ ಹುಡುಗ ಮತ್ತೆ ಬಂದ. ಪೂರ್ತಿ ಎರಡು ಸಲ ಕೇಳಿಸಿಕೊಂಡಿದ್ದ.

"ಸಾ, ಮೊದಲ್ನೇ ಪುಟದಲ್ಲಿ ವಾರ್ಧಕ ಅಂತ ಅದೆ, ನಾಕ್ನೇ ಪುಟದಲ್ಲಿ ಭಾಮಿನಿ ಅಂತ ಅದೆ. ಯಾವ್ದು ಬರೀಲಿ?"

ವಾರ್ಧಕವೇ ಸರಿ. ನಾಲ್ಕನೇ ಪುಟದಲ್ಲಿ ನಾನು ತಪ್ಪು ಟೈಪು ಮಾಡಿದ್ದೆ. ಹದಿನೈದು ವರ್ಷ ತಂಡ ತಂಡ ಮಕ್ಕಳು ಅದನ್ನು ಹಾಗೇ ಬಾಯಿಪಾಠ ಮಾಡಿ ಪಾಸಾಗಿ ಹೋಗಿದ್ದರು. ಆ ಹುಡುಗನ ಎದುರೇ ಕೂತು ತಿದ್ದಿದೆ, ಮುಂದಿನ ತಂಡದವರು ಸರಿಯಾದದ್ದನ್ನು ಓದಿದರು.